ಬೆಳಗಿನ ಜಾವ ನಾಲ್ಕು ಗಂಟೆಯ ಲೆಕ್ಕ: ರೇಷ್ಮೆ ಹುಳುಮನೆ ಕಾಯಿಸಲು ಕೊಂಡ ಎರಡು ಹಳೆಯ ಹೊರ ಒಲೆಗಳ ಹೋಲಿಕೆ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಊರಿನಲ್ಲಿ ಧನುರ್ಮಾಸದ ರಾತ್ರಿಗಳಲ್ಲಿ ಹೊರಗಿನ ಉಷ್ಣಾಂಶ 14 ಡಿಗ್ರಿಗೆ ಇಳಿಯುವುದು ಸಾಮಾನ್ಯ. ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರದಲ್ಲಿ ಎರಡನೇ ಜ್ವರ (ಸೊಪ್ಪು ಬಿಟ್ಟು ಪೊರೆ ಕಳಚುವ ಹಂತ) ಮುಗಿಸಿಕೊಂಡು ನಮ್ಮ ಮನೆಗೆ ಬರುವ ರೇಷ್ಮೆ ಹುಳುವಿಗೆ ಮೊದಲು 26 ಡಿಗ್ರಿ, ನಾಲ್ಕನೇ ಹಂತದಲ್ಲಿ 25 ಡಿಗ್ರಿ, ಕೊನೆಯ ಹಂತದಲ್ಲಿ 24 ಡಿಗ್ರಿ ಬೇಕು. ತೇವಾಂಶ ನೂರಕ್ಕೆ 80ರಿಂದ ಆರಂಭವಾಗಿ ಕೊನೆಗೆ 70ರ ಆಸುಪಾಸಿನಲ್ಲಿ ನಿಲ್ಲಬೇಕು. ಚಳಿ ತಗುಲಿದ ಹುಳು ಸೊಪ್ಪು ತಿನ್ನುವುದನ್ನು ಕಡಿಮೆ ಮಾಡುತ್ತದೆ, ಹಣ್ಣಾಗುವುದು, ಅಂದರೆ ಗೂಡು ಕಟ್ಟಲು ಸಿದ್ಧವಾಗುವುದು, ದಿನಗಟ್ಟಲೆ ತಡವಾಗುತ್ತದೆ, ಹಾಸಿಗೆಯಲ್ಲಿ ಒದ್ದೆಯೂ ಸೇರಿಕೊಂಡರೆ ಹುಳು ಬಿಳಿಚಿ ಗಟ್ಟಿಯಾಗಿ ಸಾಯುವ ಸುಣ್ಣಕಟ್ಟು ರೋಗ ಕಾಣಿಸಿಕೊಳ್ಳುತ್ತದೆ. ಆದುದರಿಂದ ಚಳಿಗಾಲದ ಬೆಳೆ ತೆಗೆಯುವವರಿಗೆ ಹುಳುಮನೆ ಕಾಯಿಸುವುದು ತಪ್ಪಿದ್ದಲ್ಲ. ನಾನು ಈ ಕೆಲಸಕ್ಕಾಗಿ ಎರಡು ಹಳೆಯ ಸೌದೆ ಒಲೆಗಳನ್ನು ಕೊಂಡು, ಒಂದೊಂದನ್ನೂ ಕನಿಷ್ಠ ಒಂದೊಂದು ಪೂರ್ಣ ಚಳಿಗಾಲ ಉರಿಸಿ ನೋಡಿದ್ದೇನೆ. ಎರಡೂ ಗೋಡೆಯ ಹೊರಗೆ ನಿಂತು ಉರಿಯುವಂಥವು. ಹುಳುಮನೆ 40 ಅಡಿ ಉದ್ದ, 18 ಅಡಿ ಅಗಲ, ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ. ಸಾಕುವುದು 250 ಮೊಟ್ಟೆಯ ಹುಳು; ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪು.

ಒಲೆಗೆ ಮುಂಚೆ ಇದ್ದಿಲನ್ನೂ ಕರೆಂಟನ್ನೂ ನಂಬಿದ್ದೆವು; ಅವುಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಇದ್ದಿಲು ರಾತ್ರಿಗೆ ಆರೇಳು ಕೆಜಿ ಸಾಕಾಗುತ್ತಿತ್ತು, ಏಕೆಂದರೆ ಕುಂಪಟಿಯ ಕಾವೆಲ್ಲ ಕೋಣೆಯಲ್ಲೇ ಉಳಿಯುತ್ತದೆ. ಆದರೆ ಕಾವಿನ ಜೊತೆಗೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಅಲ್ಲೇ ಉಳಿಯುತ್ತದೆ. ಒಂದು ರಾತ್ರಿ ಸೊಪ್ಪು ಹಾಕಿ ಹೊರಗೆ ಬಂದ ನನ್ನ ಹೆಂಡತಿ ತಲೆಸುತ್ತಿ ಜಗಲಿಯ ಮೇಲೆ ಕುಳಿತು ವಾಂತಿ ಮಾಡಿಕೊಂಡಳು. ಮರುದಿನವೇ ಕುಂಪಟಿಗಳನ್ನು ಎತ್ತಿಟ್ಟೆವು. ಆಮೇಲೆ ತಂದ ಎರಡು ಕಿಲೋವ್ಯಾಟಿನ ಎರಡು ಹೀಟರುಗಳು ಥರ್ಮೋಸ್ಟಾಟ್ ಇದ್ದುದರಿಂದ ಡಿಗ್ರಿ ತಪ್ಪದೆ ಕೆಲಸ ಮಾಡಿದವು, ಹತ್ತು ಗಂಟೆಗೆ 40 ಯೂನಿಟ್ ನುಂಗಿದವು. ಕರೆಂಟು ಹೋದ ರಾತ್ರಿಯಲ್ಲಿ ಮಾತ್ರ ಅವು ಬರಿಯ ತಗಡಿನ ಪೆಟ್ಟಿಗೆಗಳು.

ಮೊದಲನೆಯ ಒಲೆ ಬುಖಾರಿ. ಕೋಳಿಮರಿ ಕಾಯಿಸಲು ಶೆಡ್ಡುಗಳಲ್ಲಿ ಬಳಸುವ, 200 ಲೀಟರಿನ ಡ್ರಮ್ಮಿನಷ್ಟು ದೊಡ್ಡದಾದ ಕಬ್ಬಿಣದ ಒಲೆ ಇದು. ಚಿಂತಾಮಣಿಯ ಕಡೆ ಮುಚ್ಚಿಹೋದ ಒಂದು ಕೋಳಿ ಶೆಡ್ಡಿನಿಂದ 4,500 ರೂಪಾಯಿಗೆ ತಂದೆ. ಶೆಡ್ಡಿನಲ್ಲಿ ಅದನ್ನು ಒಳಗೇ ಇಟ್ಟು ಉರಿಸುತ್ತಾರೆ. ನಾವು ಗೋಡೆಯ ಹೊರಗಿಟ್ಟು, ಆರು ಅಂಗುಲದ ಹೊಗೆ ಕೊಳವೆಯನ್ನು ಮಾತ್ರ ಕೋಣೆಯೊಳಗೆ 30 ಅಡಿ ಸ್ವಲ್ಪ ಏರುಮುಖವಾಗಿ ಹಾಯಿಸಿ, ಆಚೆ ಗೋಡೆಯಿಂದ ಹೊರಬಿಟ್ಟು, ಚಾವಣಿಗಿಂತ ಆರು ಅಡಿ ಮೇಲಕ್ಕೆ ಎಬ್ಬಿಸಿದೆವು. ಕೊಳವೆ ಎತ್ತರವಾದಷ್ಟೂ ಸೆಳೆತ ಹೆಚ್ಚಿ, ಸಂದುಗಳಲ್ಲಿ ಹೊಗೆ ಹೊರಬರುವ ಬದಲು ಕೋಣೆಯ ಗಾಳಿಯೇ ಒಳಕ್ಕೆ ಹೋಗುತ್ತದೆ ಎಂಬುದು ಇದರ ಹಿಂದಿನ ಉಪಾಯ. ಬೆಂಕಿ ಜೋರಾಗಿರುವವರೆಗೆ ಈ ಉಪಾಯ ನಡೆಯಿತು. ಬೆಂಕಿ ಇಳಿದು ಕೊಳವೆ ತಣ್ಣಗಾಗುವ ಹೊತ್ತಿಗೆ ಸೆಳೆತವೂ ಇಳಿದು, ಹುತ್ತದ ಮಣ್ಣಿಗೆ ಸಗಣಿ ಕಲಸಿ ಮೆತ್ತಿದ್ದ ಸಂದುಗಳಲ್ಲಿ ಬಿರುಕುಬಿಟ್ಟ ಕಡೆ ಹೊಗೆಯ ಎಳೆ ಕಾಣಿಸುತ್ತಿತ್ತು. "ಹೊಗೆ ಕಂಡ್ರೆ ಹುಳ ತಲೆ ಎತ್ಬುಡ್ತವೆ ಕಣಪ್ಪ, ಸೊಪ್ಪು ಮುಟ್ಟಲ್ಲ" ಎಂದು ಅಮ್ಮ ಹೇಳಿದ್ದು ಸರಿಯಾಗಿತ್ತು. ವಾರಕ್ಕೊಮ್ಮೆ ಸಂದು ಮೆತ್ತುವುದೇ ಒಂದು ಕೆಲಸವಾಯಿತು.

ಬುಖಾರಿಯ ನಿಜವಾದ ತೊಂದರೆ ಹೊಗೆಯಲ್ಲ, ಕಾವನ್ನು ಹಿಡಿದಿಡಲು ಅದಕ್ಕೆ ಮೈಯಿಲ್ಲದಿರುವುದು. ರಾತ್ರಿ ಹತ್ತು ಗಂಟೆಗೆ ಕೊಳವೆಯ ಪಕ್ಕದ ಅಟ್ಟಣೆಯಲ್ಲಿ 29 ಡಿಗ್ರಿ ಇದ್ದರೆ ದೂರದ ಮೂಲೆಯಲ್ಲಿ 23. ಒಂದು ಗಂಟೆಗೆ ಎದ್ದು ಸೌದೆ ತುಂಬದೆ ಮಲಗಿದರೆ ನಾಲ್ಕು ಗಂಟೆಗೆ ಎಲ್ಲೆಡೆ 19. ತೆಳುವಾದ ತಗಡು ಬೆಂಕಿಯಿದ್ದಾಗ ಕೆಂಪಾಗುತ್ತದೆ, ಬೆಂಕಿ ಆರಿದ ಅರ್ಧ ಗಂಟೆಯಲ್ಲಿ ಕೈಯಿಂದ ಮುಟ್ಟುವಂತಾಗುತ್ತದೆ. ಹುಳು ಹಣ್ಣಾದ ರಾತ್ರಿ ಹುಳು ಗೂಡು ಕಟ್ಟಲು ಬಿಡುವ ಪ್ಲಾಸ್ಟಿಕ್ ನೇತ್ರಿಕೆಯೊಂದು ಜಾರಿ ಕೊಳವೆಯ ಮೇಲೆ ಬಿದ್ದು, ಪ್ಲಾಸ್ಟಿಕ್ಕೆಲ್ಲ ಜಿನುಗುವ ಮೇಣದಂತೆ ಇಳಿದು, ಅದರ ನಾತ ಎರಡು ದಿನ ಹೋಗಲಿಲ್ಲ. ಅಂದಿನಿಂದ ಕೊಳವೆಯ ಸುತ್ತ ಕೋಳಿ ಜಾಲರಿ ಕಟ್ಟಿದ್ದೆವು. ಅದನ್ನು ಮೊದಲ ದಿನವೇ ಕಟ್ಟಬೇಕಿತ್ತು.

ಎರಡನೆಯ ಒಲೆ ನೀರಿನದು. ಕಲ್ಯಾಣ ಮಂಟಪವೊಂದರವರು ಬೀಗರ ಸ್ನಾನದ ನೀರಿಗೆ ಸೋಲಾರ್ ಹಾಕಿಸಿಕೊಂಡು, ಹಿತ್ತಲಿನಲ್ಲಿದ್ದ ಸೌದೆ ಬಾಯ್ಲರನ್ನು ಮಾರಲು ಇಟ್ಟಿದ್ದರು. ಬೆಂಕಿಗೂಡಿನ ಸುತ್ತ ಎರಡು ಪದರದ ಕಬ್ಬಿಣ, ನಡುವೆ 200 ಲೀಟರ್ ನೀರು. ಒಟ್ಟು ತೂಕ ಸುಮಾರು 350 ಕೆಜಿ. ಅವರು 28,000 ಹೇಳಿದರು, ನಾನು 22,000ಕ್ಕೆ ತಂದೆ. ಹೇಗೆ ಇಳಿಯಿತೆಂಬುದನ್ನು ಮುಂದೆ ಹೇಳುತ್ತೇನೆ. ಇದರ ಪಕ್ಕದಲ್ಲಿ ವೆಲ್ಡಿಂಗ್ ಮೇಸ್ತ್ರಿಯಿಂದ ಮಾಡಿಸಿದ 500 ಲೀಟರಿನ ಕಬ್ಬಿಣದ ತೊಟ್ಟಿ ನಿಲ್ಲಿಸಿ, ಸುತ್ತ ಇಟ್ಟಿಗೆ ಕಟ್ಟಿ, ಸಂದಿಗೆ ಭತ್ತದ ಹೊಟ್ಟು ಗಿಡಿದೆವು. ಬತ್ತಿಹೋದ ನಮ್ಮದೇ ಕೊಳವೆಬಾವಿಯಿಂದ ಎತ್ತಿಟ್ಟಿದ್ದ ಒಂದೂವರೆ ಅಂಗುಲದ ಕಾಲಂ ಪೈಪುಗಳಿದ್ದವು. 20 ಅಡಿಯ ಹನ್ನೆರಡು ಪೈಪುಗಳನ್ನು ಜೋಡಿಸಿ ಕೋಣೆಯ ನಾಲ್ಕೂ ಗೋಡೆಗೆ ಮೊಣಕಾಲೆತ್ತರದಲ್ಲಿ ಎರಡು ಸುತ್ತು ಹಾಕಿದರೆ ಸರಿಹೋಯಿತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಇಂಥ ಪೈಪು ಯಾರ ಹಿತ್ತಲಿನಲ್ಲಿಲ್ಲ! ಒಲೆಗೆ ಹಿಂತಿರುಗುವ ನೀರನ್ನು ಅಮ್ಮನ ಕೋಣೆಯ ಗೋಡೆಯ ಮೂಲಕ ತಂದದ್ದರಿಂದ ಅವರ ಮಂಡಿನೋವಿಗೂ ಸ್ವಲ್ಪ ಬೆಚ್ಚಗಾಯಿತು.

ಈ ಒಲೆಯ ಲೆಕ್ಕ ಬೇರೆ. ಒಲೆ, ತೊಟ್ಟಿ ಎರಡೂ ಸೇರಿ 700 ಲೀಟರ್ ನೀರು 80 ಡಿಗ್ರಿಯಿಂದ 50 ಡಿಗ್ರಿಗೆ ಇಳಿಯುವಾಗ ಸುಮಾರು 24 ಯೂನಿಟ್ ಕರೆಂಟಿಗೆ ಸಮನಾದ ಕಾವನ್ನು ಬಿಡುತ್ತದೆ. ಹೊರಗಿಗಿಂತ ಹತ್ತು ಡಿಗ್ರಿ ಬೆಚ್ಚಗಿರಲು ನಮ್ಮ ಹುಳುಮನೆಗೆ ಗಂಟೆಗೆ ಸುಮಾರು ಐದು ಯೂನಿಟ್ ಬೇಕು. ಹನ್ನೊಂದು ಗಂಟೆಗೆ ಕೊನೆಯ ಸೌದೆ ಹಾಕಿ ಮಲಗಿದರೂ, ಅದು ಉರಿದು ಮುಗಿದ ಮೇಲೆ ಇನ್ನೂ ನಾಲ್ಕೈದು ಗಂಟೆ ನೀರು ಕಾವು ಕೊಡುತ್ತಲೇ ಇರುತ್ತದೆ. ನಾಲ್ಕು ಗಂಟೆಗೆ ಥರ್ಮಾಮೀಟರ್ 24 ತೋರಿಸಿದ ಮೊದಲ ದಿನ ನಾನು ನಂಬದೆ ಇನ್ನೊಂದು ಥರ್ಮಾಮೀಟರ್ ತಂದು ನೋಡಿದೆ. ಕೋಣೆಯ ಒಂದು ತುದಿಗೂ ಇನ್ನೊಂದು ತುದಿಗೂ ಇದ್ದ ವ್ಯತ್ಯಾಸ ಒಂದೂವರೆ ಡಿಗ್ರಿ ಮಾತ್ರ. ಸೌದೆಯ ಖರ್ಚಿನಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ: ಬುಖಾರಿಗೆ ರಾತ್ರಿಗೆ 30 ಕೆಜಿ, ನೀರಿನ ಒಲೆಗೆ 26. ಗೆದ್ದದ್ದು ನಿದ್ದೆ.

ಹಾಗೆಂದು ನೀರಿನ ಒಲೆಯಲ್ಲಿ ಕಾಟವಿಲ್ಲವೆಂದಲ್ಲ. ಎರಡು ಸುತ್ತಿನ ಪೈಪಿನಲ್ಲಿ ಬಿಸಿನೀರು ತಾನಾಗಿ ಮೇಲೇರಿ ಸುತ್ತುವುದಿಲ್ಲವಾದ್ದರಿಂದ ಒಂದು ಸಣ್ಣ ಪಂಪು ಬೇಕೇಬೇಕು. ಒಂದು ರಾತ್ರಿ ಕರೆಂಟು ಹೋಗಿ ಪಂಪು ನಿಂತಾಗ, ಒಲೆಯಲ್ಲಿ ತುಂಬು ಬೆಂಕಿಯಿತ್ತು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ನಮ್ಮ ಕಡೆ ನೀರು 97 ಡಿಗ್ರಿಗೇ ಕುದಿಯುತ್ತದೆ. ಮೇಲಿನ ತೆರೆದ ಕೊಳವೆಯಿಂದ ಗಡಗಡ ಸದ್ದಿನೊಂದಿಗೆ ಕುದಿನೀರು ಚಿಮ್ಮಿ ಹಿತ್ತಲಿನ ದಾಸವಾಳ ಬೆಂದುಹೋಯಿತು. ಆ ಕೊಳವೆ ತೆರೆದಿದ್ದುದರಿಂದಲೇ ಒಲೆ ಉಳಿಯಿತು ಮತ್ತು ನಾವೂ ಉಳಿದೆವು. ನೀರು ಹಬೆಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಆ ಬಾಯಿಗೆ ಯಾರಾದರೂ ವಾಲ್ವ್ ಕೂರಿಸಿದ್ದರೆ ಅಂಥ ಒಲೆಯನ್ನು ಬಿಟ್ಟಿಯಾಗಿ ಕೊಟ್ಟರೂ ತರಬಾರದು. ಈಗ ಪಂಪನ್ನು ಯುಪಿಎಸ್‌ಗೆ ಕೊಟ್ಟಿದ್ದೇನೆ.

ಇನ್ನೊಂದು ಕಾಟ ನಮ್ಮ ನೀರಿನದೇ. ಸಾವಿರ ಅಡಿ ಆಳದಿಂದ ಬರುವ ಗಡಸು ನೀರನ್ನು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ಒಲೆಯೊಳಗೆ ಅದೇ ಪೊರೆ ಕಟ್ಟಿದರೆ ಕಾವು ನೀರಿಗೆ ದಾಟದೆ ತಗಡೇ ಸುಡುತ್ತದೆ. ಅದೇ ನೀರು ಸುತ್ತುತ್ತಿರುವುದರಿಂದ ಒಮ್ಮೆ ಚಾವಣಿಯ ಮಳೆನೀರು ಹಿಡಿದು ತುಂಬಿಸಿದರೆ ಈ ತೊಂದರೆ ಬಹುಮಟ್ಟಿಗೆ ತೀರುತ್ತದೆ. ಸ್ನಾನಕ್ಕೆಂದು ಇದೇ ತೊಟ್ಟಿಯಿಂದ ನೀರು ತೋಡಿಕೊಳ್ಳಬಾರದು, ತೋಡಿದಷ್ಟೂ ಹೊಸ ಗಡಸು ನೀರು ಸೇರುತ್ತದೆ. ಇದನ್ನು ಮನೆಯವರಿಗೆ ಒಪ್ಪಿಸುವುದು ಒಲೆ ಕೂರಿಸುವುದಕ್ಕಿಂತ ಕಷ್ಟವಾಯಿತು.

ಒಣ ಕಾವಿನ ದೋಷ ಮಾತ್ರ ಎರಡು ಒಲೆಗಳಿಗೂ ಸಮಾನ. ಹೊರಗೆ 15 ಡಿಗ್ರಿಯಲ್ಲಿ ನೂರಕ್ಕೆ 90 ತೇವಾಂಶವಿದ್ದ ಗಾಳಿಯನ್ನು ಒಳಗೆ 25 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಸುಮಾರು 50ಕ್ಕೆ ಬೀಳುತ್ತದೆ, ಸೊಪ್ಪು ಹುಳು ತಿನ್ನುವ ಮೊದಲೇ ಬಾಡುತ್ತದೆ. ನೀರಿನ ಪೈಪಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿದರೆ ತೇವಾಂಶ 70 ದಾಟುತ್ತದೆ. ಬುಖಾರಿಯ ಕೊಳವೆಯ ಮೇಲೆ ಹೊದಿಸಿದರೆ ಚೀಲವೇ ಹೊತ್ತಿಕೊಳ್ಳುತ್ತದೆ. ಜ್ವರಕ್ಕೆ ಕೂತ ಹುಳುವಿಗೆ ಹಾಸಿಗೆ ಒಣಗಿರಬೇಕಾದ್ದರಿಂದ ಆ ದಿನ ಚೀಲ ತೆಗೆದರಾಯಿತು.

ಇನ್ನು ಕೊಳ್ಳುವಾಗ ನೋಡಬೇಕಾದ್ದು. ಮಂಟಪದ ಒಲೆಯನ್ನು ನೋಡಲು ಹೋದಾಗ ನಾನು ಟಾರ್ಚು, ಸುತ್ತಿಗೆ, ಸ್ಕ್ರೂಡ್ರೈವರ್ ಮೂರನ್ನೂ ಒಯ್ದಿದ್ದೆ. ಬೂದಿಯನ್ನೆಲ್ಲ ಗೋರಿ ತೆಗೆಸಿ, ತಲೆಯನ್ನು ಬಾಗಿಲೊಳಗೆ ತೂರಿಸಿ, ತಗಡನ್ನು ಅಂಗುಲ ಅಂಗುಲಕ್ಕೆ ತಟ್ಟುತ್ತ ಹೋದೆ. ಗಟ್ಟಿ ತಗಡು ಠಣ್ ಎನ್ನುತ್ತದೆ. ಬಾಗಿಲಿನ ಬಲಕ್ಕೆ, ತಳ ಮತ್ತು ಗೋಡೆ ಕೂಡುವ ಮೂಲೆಯಲ್ಲಿ ಸದ್ದು ಡಬ್ ಎಂದಿತು. ಸ್ಕ್ರೂಡ್ರೈವರ್ ಒತ್ತಿದಾಗ ಐದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕಬ್ಬಿಣ ಕಜ್ಜಾಯದ ಅಂಚಿನಂತೆ ಪುಡಿಪುಡಿಯಾಗಿ ಉದುರಿತು. ಮಳೆನೀರು ಒಳಗೆ ಇಳಿದು ಬೂದಿಯೊಂದಿಗೆ ಸೇರಿ ವರ್ಷಗಟ್ಟಲೆ ಅಲ್ಲೇ ನಿಂತಿದ್ದುದರ ಫಲ ಅದು. ಉಳಿದ ತಗಡು ಚೆನ್ನಾಗಿದ್ದುದರಿಂದ, ಆ ತೂತನ್ನು ಅವರಿಗೆ ತೋರಿಸಿ ಆರು ಸಾವಿರ ಇಳಿಸಿಕೊಂಡೆ. ಐದು ಮಿಲಿಮೀಟರಿನ ಪಟ್ಟಿ ಹಾಕಿಸಲು ಅದರಲ್ಲಿ ಅರ್ಧವೂ ಆಗಲಿಲ್ಲ. ನೀರು ತುಂಬಿಸಿ ಒಂದು ರಾತ್ರಿ ಬಿಡುವುದು ಇದಕ್ಕಿಂತ ದೊಡ್ಡ ಪರೀಕ್ಷೆ. ಇದಕ್ಕೆ ಮುಂಚೆ ಗುಜರಿಯೊಂದರಲ್ಲಿ ಬೆಳ್ಳಿಬಣ್ಣ ಹೊಡೆದು ಮದುಮಗನಂತೆ ನಿಲ್ಲಿಸಿದ್ದ ಒಲೆಗೆ ನಾನು ಮುಂಗಡ ಕೊಡಲು ಕೈ ಜೇಬಿಗೆ ಹಾಕಿದ್ದೆ. ನೀರು ತುಂಬಿ ನೋಡೋಣವೆಂದಾಗ ಅಂಗಡಿಯವರು ನಲ್ಲಿ ಕೆಟ್ಟಿದೆ ಎಂದರು. ನಾನೇ ಎದುರಿನ ಹೋಟೆಲಿನಿಂದ ಕೊಡದಲ್ಲಿ ತಂದು ಸುರಿದೆ. ನಾಲ್ಕನೇ ಕೊಡಕ್ಕೆ ಬೆಸುಗೆಯ ಗೆರೆಯುದ್ದಕ್ಕೂ ಬೆವರು ಮೂಡಿತು.

ತಾಮ್ರದ್ದೇ ಬೇಕೆಂದು ಹುಡುಕುವವರಿದ್ದಾರೆ. ತಾಮ್ರ ಕಬ್ಬಿಣಕ್ಕಿಂತ ಹಲವು ಪಟ್ಟು ಬೇಗ ಕಾವನ್ನು ದಾಟಿಸುತ್ತದೆ ಎಂಬುದು ನಿಜ. ಆದರೆ ಒಲೆಯಲ್ಲಿ ತಡೆಯಾಗುವುದು ಲೋಹವಲ್ಲ, ಬಿಸಿಗಾಳಿಯಿಂದ ಲೋಹಕ್ಕೆ ಕಾವು ದಾಟುವ ನಿಧಾನ ಮತ್ತು ಅದರ ಮೇಲೆ ಕೂತ ಇಲ್ಲಣ. ತಾಮ್ರಕ್ಕೆ ತೂಕದ ಬೆಲೆ ತೆತ್ತು ಇಲ್ಲಣ ಕೆರೆಯದೆ ಬಿಡುವುದಕ್ಕಿಂತ ಕಬ್ಬಿಣ ಕೊಂಡು ವಾರಕ್ಕೊಮ್ಮೆ ಕೆರೆಯುವುದು ಮೇಲು. ಶಿಡ್ಲಘಟ್ಟದಲ್ಲಿ ನಿಂತುಹೋದ, ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಘಟಕಗಳ ಹಬೆ ಬಾಯ್ಲರುಗಳೂ ಅಗ್ಗಕ್ಕೆ ಕಾಣಿಸುತ್ತವೆ. ಒತ್ತಡದ ಹಬೆಗೆ 1923ರ ಬಾಯ್ಲರ್ ಕಾಯ್ದೆಯ ಕಾಲದಿಂದಲೂ ನೋಂದಣಿ, ತಪಾಸಣೆಗಳು ಕಟ್ಟಿಕೊಂಡಿವೆ. ಮನೆಯ ಹಿತ್ತಲಿಗೆ ಅದು ಸಲ್ಲದು.

ಸೌದೆಯ ವಿಷಯದಲ್ಲಿ ಒಂದೇ ಮಾತು: ಹಸಿ ನೀಲಗಿರಿಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ, ಆ ನೀರನ್ನು ಆವಿ ಮಾಡಲು ನಾವು ಕೊಂಡ ಸೌದೆಯೇ ಖರ್ಚಾಗುತ್ತದೆ. ನೀರಿನ ಒಲೆಯಲ್ಲಿ ಇದರ ಪೆಟ್ಟು ಹೆಚ್ಚು, ಏಕೆಂದರೆ ಸುತ್ತಲೂ ನೀರಿರುವ ಗೋಡೆ ಬುಖಾರಿಯ ತಗಡಿನಂತೆ ಕೆಂಪಾಗದೆ, ಹೊಗೆ ಅದಕ್ಕೆ ತಾಗಿ ಕಪ್ಪು ಅಂಟಾಗಿ ಹಿಡಿದುಕೊಳ್ಳುತ್ತದೆ. ಯುಗಾದಿಯ ಹೊತ್ತಿಗೆ ಕಡಿಸಿ, ಸೀಳಿಸಿ, ಒಟ್ಟಿದ ಸೌದೆ ಕಾರ್ತಿಕಕ್ಕೆ ಸರಿಯಾಗಿ ಒಣಗಿರುತ್ತದೆ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಭರ್ರೆಂದು ಉರಿದು ಆರುವುದರಿಂದ ಅದು ಬೆಂಕಿ ಹೊತ್ತಿಸಲಿಕ್ಕಷ್ಟೇ.

ಒಲೆ, ತೊಟ್ಟಿ, ಪಂಪು, ಕೂಲಿ ಎಲ್ಲ ಸೇರಿ ನೀರಿನ ವ್ಯವಸ್ಥೆಗೆ ನನಗೆ 55,000 ರೂಪಾಯಿ ತಗುಲಿತು. ಪೈಪು ಮನೆಯದೇ ಆದ್ದರಿಂದ ಇಷ್ಟಕ್ಕೆ ಮುಗಿಯಿತು. ಬುಖಾರಿಗೆ ಕೊಳವೆ, ಜಾಲರಿ ಸೇರಿ 9,000 ಆಗಿತ್ತು. ನೂರು ಮೊಟ್ಟೆಯೊಳಗೆ, 20 ಅಡಿಯ ಮನೆಯಲ್ಲಿ ಸಾಕುವವರಿಗೆ 55,000 ಹಾಕಿರೆಂದು ನಾನು ಹೇಳಲಾರೆ. ಅಷ್ಟು ಸಣ್ಣ ಕೋಣೆಯಲ್ಲಿ ಬುಖಾರಿಯ ಕಾವು ಮೂಲೆಮೂಲೆಗೂ ಮುಟ್ಟುತ್ತದೆ, ರಾತ್ರಿ ಒಮ್ಮೆ ಏಳುವವರು ಮನೆಯಲ್ಲಿದ್ದರೆ ಸಾಕು. ನನ್ನ ಬುಖಾರಿಯನ್ನು ಹೋದ ವರ್ಷ ಅಂಥದೇ ಮನೆಯಿರುವ ಭಾವಮೈದುನನಿಗೆ ಕೊಟ್ಟೆ, ಕೊಳವೆಯ ಸುತ್ತಿನ ಜಾಲರಿಯನ್ನೂ ಬಿಚ್ಚಿಕೊಟ್ಟೆ. ಮಂಟಪದ ಒಲೆಗೆ ಹಾಕಿಸಿದ ಪಟ್ಟಿ ಎರಡನೇ ಚಳಿಗಾಲಕ್ಕೂ ಗಟ್ಟಿಯಾಗಿದೆ. ಬೆಳೆ ಮುಗಿದ ದಿನವೇ ಬೂದಿ ಗೋರಿ, ಒಳಗೆ ಒಣಬಟ್ಟೆಯಿಂದ ಒರೆಸಿ, ಹೊಗೆ ಕೊಳವೆಯ ಬಾಯಿಗೆ ಹಳೆಯ ಬಾಂಡ್ಲಿ ಮುಚ್ಚಿದ್ದೇನೆ.