ಒಂದೇ ಕೋಣೆಗೆ ಎರಡು ಬಾಡಿಗೆ: ಆಗಸ್ಟ್‌ನಲ್ಲಿ ಗ್ರೀಸ್ ದ್ವೀಪಕ್ಕೆ ಹೊರಟವರಿಗೆ

ಆಗಸ್ಟ್ ತಿಂಗಳಲ್ಲಿ ಗ್ರೀಸ್‌ನ ಯಾವುದಾದರೂ ಸಣ್ಣ ದ್ವೀಪದ ದೊಡ್ಡ ಹೋಟೆಲಿಗೆ ದುಡ್ಡು ಕಟ್ಟುವುದರಲ್ಲಿದ್ದೀರಾ? ಇದನ್ನು ಓದಿ ಆಮೇಲೆ ಕಟ್ಟಿ. ನಾವು ಮೊದಲು ಕಟ್ಟಿ ಆಮೇಲೆ ಕಲಿತೆವು.

ನಮ್ಮ ಮದುವೆಯಾಗಿ 25 ವರ್ಷ ಆಗಿತ್ತು. "ಈ ಸಲ ದೇವಸ್ಥಾನ, ನೆಂಟರ ಮನೆ ಯಾವುದೂ ಬೇಡ ಕಣೇ. ಸುಮ್ನೆ ಸಮುದ್ರ ನೋಡ್ತಾ ಕೂರೋಣ" ಅಂದರು ನಮ್ಮ ಮನೆಯವರು. ಸಾಂಟೊರಿನಿ ದ್ವೀಪದಲ್ಲಿ ಕಾಲಿಡಲು ಜಾಗ ಇರುವುದಿಲ್ಲ ಅಂತ ಹೋಗಿ ಬಂದವರೆಲ್ಲ ಹೇಳುತ್ತಾರಲ್ಲ, ಅದಕ್ಕೇ ಬೆಂಗಳೂರಿನ ನಮ್ಮ ಟ್ರಾವೆಲ್ ಏಜೆಂಟ್ ಅದರ ಹತ್ತಿರದ ಫೊಲೆಗಾಂಡ್ರೊಸ್ ಹೆಸರು ಹೇಳಿದ. ಬರೀ 32 ಚದರ ಕಿಲೋಮೀಟರ್‌ನ ದ್ವೀಪ. ವಿಮಾನ ನಿಲ್ದಾಣ ಇಲ್ಲ. ಹೋಗುವುದೂ ಬರುವುದೂ ಹಡಗಿನಲ್ಲೇ. "ತುಂಬ ಕ್ವಯಟ್ ಮೇಡಂ, ಆಗಸ್ಟ್‌ನಲ್ಲಿ ಒಂದು ಹನಿ ಮಳೆ ಬರಲ್ಲ" ಅಂದ. ಮಳೆಯ ಮಾತು ನಿಜವೇ. ಗಾಳಿಯ ಮಾತನ್ನು ಅವನು ಎತ್ತಲಿಲ್ಲ, ನಾವೂ ಕೇಳಲಿಲ್ಲ.

ನಾಲ್ಕು ರಾತ್ರಿ, ರಾತ್ರಿಗೆ 420 ಯೂರೋ. ಅದೂ ರೀಫಂಡ್ ಇಲ್ಲದ 'ಅಗ್ಗದ' ದರ. ಕೋಣೆಯ ಮುಂದೆ ನಮಗೇ ಅಂತ ಒಂದು ಪುಟ್ಟ ಈಜುಕೊಳ, ಅದರ ಆಚೆ ಸಮುದ್ರ. ಫೋಟೋ ನೋಡಿ ನಾನೂ ಮರುಳಾದೆ, ಸುಳ್ಳು ಯಾಕೆ ಹೇಳಲಿ.

ಊರನ್ನು ಮಾತ್ರ ದೂರುವ ಹಾಗಿಲ್ಲ. ಖೋರಾ ಅನ್ನುವ ಮುಖ್ಯ ಊರು ಸುಮಾರು 200 ಮೀಟರ್ ಎತ್ತರದ ಬಂಡೆಯ ಅಂಚಿನಲ್ಲಿ ಕೂತಿದೆ. ಒಳಗೆ ಕಾರು ಬಿಡುವುದಿಲ್ಲ. ಒಂದು ಚೌಕ ಮುಗಿದರೆ ಇನ್ನೊಂದು ಚೌಕ, ಮರದ ಕೆಳಗೆ ಮೇಜು ಕುರ್ಚಿ. ಮೇಲೆ ಗುಡ್ಡದ ಮೇಲೆ ಪನಾಯಿಯಾ, ಅಂದರೆ ಮೇರಿಮಾತೆಯ ಬಿಳಿ ಚರ್ಚು. ಅಲ್ಲಿಗೆ ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುವ ದಾರಿ. ಮೊದಲ ಸಂಜೆ ಹತ್ತಿ ಕೂತಾಗ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತ್ತು.

ಎರಡನೇ ದಿನ ಗಾಳಿ ಶುರುವಾಯಿತು. ಇದಕ್ಕೆ ಮೆಲ್ಟೆಮಿ ಅನ್ನುತ್ತಾರೆ. ಬಾಲ್ಕನ್ ದೇಶಗಳ ಮೇಲೆ ವಾಯುಭಾರ ಜಾಸ್ತಿ, ಟರ್ಕಿಯ ಕಡೆ ಕಡಿಮೆ, ನಡುವೆ ಇರುವ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬೀಸುತ್ತದೆ. ಜುಲೈ, ಆಗಸ್ಟ್ ಇದರದ್ದೇ ಕಾಲ. ನಮ್ಮ ಆಷಾಢದ ಗಾಳಿ ನೆನಪಾಯಿತು. ಆದರೆ ನಮ್ಮಲ್ಲಿ ಮೋಡ ಇರುತ್ತದೆ, ಮುಖ ನೋಡಿದರೆ ಬುದ್ಧಿ ಗೊತ್ತಾಗುತ್ತದೆ. ಇಲ್ಲಿ ಆಕಾಶದಲ್ಲಿ ಒಂದು ತುಣುಕು ಮೋಡ ಇಲ್ಲ, ಬಿಸಿಲು ಹೊಳೆಯುತ್ತಿದೆ, ಮೇಜಿನ ಮೇಲಿನ ತಟ್ಟೆ ಹಾರಿಹೋಗುತ್ತಿದೆ! ಹೋಟೆಲಿನವರು ಛತ್ರಿಗಳನ್ನೆಲ್ಲ ಮಡಚಿ ಕಟ್ಟಿದರು. ನಮ್ಮ ಕೋಣೆ ಉತ್ತರಕ್ಕೆ ಮುಖ ಮಾಡಿತ್ತು. ಆ ಈಜುಕೊಳಕ್ಕೆ ನಾಲ್ಕು ದಿನದಲ್ಲಿ ಇಳಿದದ್ದು ಒಂದೇ ಸಲ. ಹೊರಗೆ ಬಂದರೆ ಹಲ್ಲು ಕಟಕಟ. ಫೋಟೋದಲ್ಲಿ ದಿಕ್ಕು ಕಾಣುವುದಿಲ್ಲ ನೋಡಿ. ಆಗಸ್ಟ್‌ಗೇ ಹೋಗುವುದಾದರೆ ದಕ್ಷಿಣಕ್ಕೆ ತೆರೆದ ಕೋಣೆ ಕೇಳಿ, ಮ್ಯಾಪಿನಲ್ಲಿ ನೀವೇ ನೋಡಿ.

ಇಷ್ಟಾದರೆ ನಾನು ಬರೆಯುತ್ತಲೇ ಇರಲಿಲ್ಲ. ಗಾಳಿಗೆ ಯಾರು ಹೊಣೆ?

ಐದನೇ ದಿನ ಬೆಳಿಗ್ಗೆ ಕ್ಯಾಟಮರಾನ್ ಅನ್ನುವ ವೇಗದ ಹಡಗು ಹತ್ತಿ ಅಥೆನ್ಸ್‌ನ ಬಂದರು ಪಿರೇಯಸ್‌ಗೆ ಹೋಗುವುದು, ಅದೇ ರಾತ್ರಿ ವಿಮಾನ ಹತ್ತುವುದು. ಏಜೆಂಟ್ ಹಾಕಿಕೊಟ್ಟ ಲೆಕ್ಕ ಇದು. ಹಿಂದಿನ ಸಂಜೆ ಫೋನಿಗೆ ಮೆಸೇಜು: ಹಡಗು ರದ್ದು. ರಿಸೆಪ್ಷನ್ ಹುಡುಗಿ ಭುಜ ಕುಣಿಸಿ "ಅಪಗೊರೆಫ್ಟಿಕೊ" ಅಂದಳು. ಅಂದರೆ ಹಡಗು ಹೊರಡಬಾರದು ಅಂತ ಬಂದರಿನ ಅಧಿಕಾರಿಗಳ ಆದೇಶ. ಗ್ರೀಸಿಗೆ ಹೋಗುವವರು ಕಲಿಯಬೇಕಾದ ಮೊದಲ ಪದ ಇದೇ ಅಂತ ನನ್ನ ಅಭಿಪ್ರಾಯ. ವೇಗದ ಕ್ಯಾಟಮರಾನ್‌ಗಳು ಮೊದಲು ನಿಲ್ಲುತ್ತವೆ. ಕಾರು, ಲಾರಿ ಹೊರುವ ದೊಡ್ಡ ಹಡಗುಗಳು ಇನ್ನೂ ಸ್ವಲ್ಪ ಗಾಳಿ ತಡೆಯುತ್ತವೆ. ನಿಧಾನ ಅಂತ ನಾವು ಅದನ್ನು ಬೇಡ ಅಂದಿದ್ದೆವು.

ಇನ್ನೊಂದು ರಾತ್ರಿ ಕೋಣೆ ಕೊಡಿ ಅಂತ ಕೇಳಿದೆವು. "ನಿಮ್ಮ ಕೋಣೆಗೆ ನಾಳೆ ಬೇರೆಯವರು ಬರುತ್ತಾರೆ" ಅಂದಳು. ಅವರೂ ಆ ಹಡಗಿನಲ್ಲೇ ಬರಬೇಕಾದವರು ಅಲ್ವಾ? ಹೌದಂತೆ. ಹಾಗಾದರೆ ಅವರೂ ಬರುವುದಿಲ್ಲ ಅಲ್ವಾ? ಸ್ವಲ್ಪ ಹೊತ್ತು ಕಂಪ್ಯೂಟರ್ ನೋಡಿ, "ಕೊಡಬಹುದು. ದರ 510 ಯೂರೋ" ಅಂದಳು. ನಮ್ಮವರು ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಲೆಕ್ಕ ಬಿಡುವುದಿಲ್ಲ. "ಬರದೇ ಇರುವವರ ದುಡ್ಡು ವಾಪಸ್ ಕೊಡುತ್ತೀರಾ?" ಅಂತ ಕೇಳಿದರು. ಅವರದ್ದೂ ರೀಫಂಡ್ ಇಲ್ಲದ ಬುಕಿಂಗ್ ಅಂತೆ, ನಿಯಮ ನಿಯಮವೇ ಅಂತೆ. ಒಂದೇ ಕೋಣೆ, ಒಂದೇ ರಾತ್ರಿ. ಬಾರದವರಿಂದಲೂ ಬಾಡಿಗೆ, ಹೋಗಲಾರದವರಿಂದಲೂ ಬಾಡಿಗೆ. ಕಾನೂನಿನ ಪ್ರಕಾರ ಸರಿಯೇ ಇರಬಹುದು. ನನಗೆ ಮಾತ್ರ ಈಗಲೂ ಹೊಟ್ಟೆ ಉರಿಯುತ್ತದೆ. ಕತ್ತಲಾಗಿತ್ತು, ದಿಕ್ಕು ತೋಚಲಿಲ್ಲ, ಕಾರ್ಡ್ ಉಜ್ಜಿದೆವು.

ಅದೇ ಬಿಲ್ಲಿನಲ್ಲಿ ಇನ್ನೊಂದು ಸಾಲು ಇತ್ತು. ಹವಾಮಾನ ಶುಲ್ಕ. 2025ರಿಂದ ಗ್ರೀಸ್‌ನ ಐದು ಸ್ಟಾರ್ ಹೋಟೆಲುಗಳಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್ ತನಕ ಕೋಣೆಗೆ ರಾತ್ರಿಗೆ 15 ಯೂರೋ. ಇದು ಸರ್ಕಾರದ್ದು, ಹೋಟೆಲಿನವರ ತಪ್ಪಲ್ಲ. "ಎಲ್ಲಾ ಸೇರಿದೆ ಮೇಡಂ" ಅಂದಿದ್ದ ಏಜೆಂಟ್ ಇದನ್ನು ಸೇರಿಸಿರಲಿಲ್ಲ ಅಷ್ಟೇ.

ಮರುದಿನ ಸೂಟ್‌ಕೇಸ್ ಎಳೆದುಕೊಂಡು ಊರೊಳಗೆ ಹೋದೆವು. ಆಗಸ್ಟ್‌ನಲ್ಲಿ ಸಣ್ಣ ಕೋಣೆಯೂ ಸಿಗುವುದಿಲ್ಲ ಅಂತ ಹೆದರಿಸಿದ್ದರು. ಬರುವವರೇ ಬಂದಿಲ್ಲ, ಕೋಣೆ ಯಾಕೆ ಸಿಗುವುದಿಲ್ಲ? ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿ 60 ಯೂರೋಗೆ ಸಿಕ್ಕಿತು. ಗಾಳಿಗೆ ಬೆನ್ನು ಕೊಟ್ಟು ಕಟ್ಟಿದ ಮನೆ, ಅಂಗಳದಲ್ಲಿ ಎಲೆ ಅಲ್ಲಾಡುತ್ತಿರಲಿಲ್ಲ. ಊಟದ ವಿಷಯವೂ ಅಲ್ಲೇ ಗೊತ್ತಾಯಿತು. ಆಗಸ್ಟ್ 1ರಿಂದ 14ರ ತನಕ ಅವರಿಗೆ ಮೇರಿಮಾತೆಯ ಹಬ್ಬದ ಉಪವಾಸ. ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲ. "ನಿಸ್ತಿಸಿಮೊ", ಅಂದರೆ ಉಪವಾಸದ ಅಡುಗೆ, ಅಂತ ಕೇಳಿದರೆ ಕಡಲೆಕಾಳು, ಬೀನ್ಸ್, ಸೊಪ್ಪು ಬರುತ್ತದೆ. ಆದರೆ ಹುಷಾರು, ಸೀಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತದೆ!

ಹಡಗಿನ ಟಿಕೆಟ್ ದುಡ್ಡು ವಾಪಸ್ ಬಂತು. ಅದು ನಮ್ಮ ಹಕ್ಕು. ಯುರೋಪಿನ ಕಾನೂನು, 2010ರ ನಿಯಮ ಸಂಖ್ಯೆ 1177, ಹಡಗು ರದ್ದಾದರೆ ಟಿಕೆಟ್ ಹಣ ಕೊಡಬೇಕು ಇಲ್ಲವೇ ಬೇರೆ ಹಡಗಿನಲ್ಲಿ ಕಳಿಸಬೇಕು ಅನ್ನುತ್ತದೆ. ಉಳಿಯುವ ಖರ್ಚನ್ನೂ ಒಬ್ಬರಿಗೆ ರಾತ್ರಿಗೆ 80 ಯೂರೋ ತನಕ, ಮೂರು ರಾತ್ರಿ ಕೊಡಬೇಕು. ಕಾರಣ ಹವಾಮಾನವಾದರೆ ಮಾತ್ರ ಉಳಿಯುವ ಖರ್ಚು ಇಲ್ಲ. ಅಲ್ಲಿಗೆ ನಮ್ಮ ಕೇಸು ಮುಗಿಯಿತು.

ಹಾಗೆ ಸಿಕ್ಕಿಕೊಂಡ ಮೂರನೇ ದಿನ ಗಾಳಿ ಇಳಿದು ದೊಡ್ಡ ಹಡಗು ಬಂತು. ವಿಮಾನ ಎಂದೋ ಹೋಗಿತ್ತು. ಇಬ್ಬರಿಗೂ ಹೊಸ ಟಿಕೆಟ್ 1,24,000 ರೂಪಾಯಿ. ಪುಣ್ಯಕ್ಕೆ ವೀಸಾದಲ್ಲಿ ಇನ್ನೂ ಕೆಲವು ದಿನ ಉಳಿದಿತ್ತು. ಯುರೋಪಿನ ಷೆಂಗನ್ ವೀಸಾ ಸಿಕ್ಕಾಗ ತಾರೀಕು ಮಾತ್ರ ನೋಡಬೇಡಿ, ಎಷ್ಟು ದಿನ ಇರಬಹುದು ಅನ್ನುವ ಸಂಖ್ಯೆಯನ್ನೂ ನೋಡಿ. ನಮ್ಮ ಇನ್ಶೂರೆನ್ಸ್‌ನಲ್ಲಿ ವಿಮಾನ ತಡವಾಗಿ ಮುಂದಿನ ವಿಮಾನ ತಪ್ಪಿದರೆ ಪರಿಹಾರ ಇತ್ತು. ಹಡಗಿನಿಂದ ತಪ್ಪಿದರೆ ಇಲ್ಲ. ಏಜೆಂಟ್ ಕೇಳಿದರೆ "ಅದು ನೇಚರ್ ಮೇಡಂ, ನಾವೇನ್ ಮಾಡಕ್ಕಾಗುತ್ತೆ" ಅಂದ. ಕೊನೆಯ ಎರಡು ರಾತ್ರಿಯನ್ನು ಅಥೆನ್ಸ್‌ನಲ್ಲಿ ಇಟ್ಟಿದ್ದರೆ ಸಾಕಿತ್ತು. ಮೊದಲು ದ್ವೀಪ, ಆಮೇಲೆ ಅಥೆನ್ಸ್. ನಾವು ಉಲ್ಟಾ ಮಾಡಿದ್ದೆವು. ಆಗಸ್ಟ್ ಬಿಟ್ಟು ಜೂನ್ ಮೊದಲ ವಾರಗಳಲ್ಲೋ ಸೆಪ್ಟೆಂಬರ್ ಕೊನೆಗೋ ಹೋಗಿದ್ದರೆ ಗಾಳಿಯ ಕಾಟ, ದರ ಎರಡೂ ಕಡಿಮೆ ಇರುತ್ತಿತ್ತು.

ನಮ್ಮವರು ಇನ್ನೂ ಇನ್ಶೂರೆನ್ಸ್‌ನವರಿಗೆ ಪತ್ರ ಬರೆಯುತ್ತಲೇ ಇದ್ದಾರೆ. ಮೂರನೆಯದು ನಿನ್ನೆ ಹೋಯಿತು.