ಕವರ್ ಹಾಡಿಗೆ ಗಿಟಾರ್ ಟೋನ್: ಬಿಡಿ ಪೆಡಲ್‌ಗಳೋ, ಮಲ್ಟಿ ಎಫೆಕ್ಟ್ಸೋ?

ಕಾಸರಗೋಡಿನ ವೇದಿಕೆಗಳಲ್ಲಿ ಒಂದೇ ಸಂಜೆ ಕನ್ನಡ ಭಾವಗೀತೆ, ಮಲಯಾಳಂ ಮೆಲೊಡಿ, ಹಿಂದಿ ರಾಕ್ ಮೂರನ್ನೂ ನುಡಿಸಬೇಕಾಗಬಹುದು. ಅಂಥವರಿಗೆ ನನ್ನ ಸಲಹೆ ಮಲ್ಟಿ ಎಫೆಕ್ಟ್ಸ್, ಅಂದರೆ ಗಿಟಾರಿನ ಸದ್ದನ್ನು ಬದಲಿಸುವ ಹಲವು ಎಫೆಕ್ಟ್‌ಗಳು ಒಂದೇ ಪೆಟ್ಟಿಗೆಯಲ್ಲಿರುವ ಸಾಧನ. ಹಾಡಿಗೊಂದು ಪ್ರೀಸೆಟ್ (ಎಫೆಕ್ಟ್‌ಗಳ ಹೊಂದಾಣಿಕೆ) ಮೊದಲೇ ಉಳಿಸಿಟ್ಟರೆ ಕೋರಸ್ (ಹಲವು ಗಿಟಾರ್ ಒಟ್ಟಿಗೆ ನುಡಿದಂತಹ ಸದ್ದು), ಡಿಲೇ (ಪ್ರತಿಧ್ವನಿ), ಡಿಸ್ಟಾರ್ಷನ್ (ರಾಕ್‌ನ ಒರಟು ಸದ್ದು) ಎಲ್ಲವೂ ಒಮ್ಮೆ ಕಾಲಿನಿಂದ ಒತ್ತಿದರೆ ಬದಲಾಗುತ್ತವೆ. ಆಂಪ್ (ಗಿಟಾರಿನ ಧ್ವನಿವರ್ಧಕ) ಇಲ್ಲದ ಸಭಾಂಗಣದಲ್ಲಿ, ಆಂಪಿನ ಸ್ಪೀಕರ್ ಪೆಟ್ಟಿಗೆಯ ಸದ್ದನ್ನು ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಷನ್ ಬಳಸಿ ನೇರವಾಗಿ ಮಿಕ್ಸರ್‌ಗೆ ಜೋಡಿಸಬಹುದು. ಬಿಡಿ (ಒಂದೇ ಎಫೆಕ್ಟ್ ಕೊಡುವ) ಡಿಸ್ಟಾರ್ಷನ್ ಪೆಡಲನ್ನು ಹಾಗೆ ಜೋಡಿಸಿದರೆ ಕಣಜದ ಗೂಡಿಗೆ ಕಲ್ಲೆಸೆದಂತಹ ಕರ್ಕಶ ಸದ್ದು ಬರುತ್ತದೆ.

ಬಿಡಿ ಪೆಡಲ್‌ಗಳ ಸುಖವೇ ಬೇರೆ. ಗುಂಡಿ ತಿರುಗಿಸಿದ ಕ್ಷಣವೇ ಕಿವಿಗೆ ಉತ್ತರ ಸಿಗುತ್ತದೆ, ಮೆನುಗಳಲ್ಲಿ ಹುಡುಕಾಟವಿಲ್ಲ. ಕಲಿಯುವವರಿಗೆ ಇದೇ ಒಳ್ಳೆಯ ಗುರು. ಆದರೆ ಪೆಡಲ್‌ಗಳನ್ನು ಜೋಡಿಸುವ ಪ್ಯಾಚ್ ಕೇಬಲ್‌ಗಳು ಹೆಚ್ಚಿದಷ್ಟೂ ಕೈಕೊಡುವ ಜಾಗಗಳು ಹೆಚ್ಚು. ಕರಾವಳಿಯ ಉಪ್ಪುಗಾಳಿಗೆ ಜ್ಯಾಕ್‌ಗಳೂ ಬೇಗ ಕಿಲುಬು ಹಿಡಿಯುತ್ತವೆ.

ಯಾವುದನ್ನೇ ಕೊಳ್ಳುವುದಿದ್ದರೂ ಮೊದಲು ನಿಮ್ಮ ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ನೋಡಿ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಮಿನುಗುವ ಶುಭ್ರ ಸ್ವರಕ್ಕೆ, ಹಂಬಕರ್ ದಪ್ಪ ರಾಕ್ ಸ್ವರಕ್ಕೆ. ಹಂಬಕರ್‌ನ ಎರಡು ಸುರುಳಿಗಳು ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಸದ್ದನ್ನು ಪರಸ್ಪರ ಅಳಿಸಿಹಾಕುತ್ತವೆ. ದೀಪಾಲಂಕಾರ ತುಂಬಿದ ಉತ್ಸವದ ವೇದಿಕೆಯಲ್ಲಿ ಇದು ದೊಡ್ಡ ವರ. ಇನ್ನೊಂದು ಮಾತು: ಗೇನನ್ನು (ಡಿಸ್ಟಾರ್ಷನ್ ಪ್ರಮಾಣವನ್ನು) ನಿಮಗೆ ಬೇಕೆನಿಸುವುದಕ್ಕಿಂತ ಸ್ವಲ್ಪ ಕಡಿಮೆಯಿಡಿ, ಮಿಡ್ (ಮಧ್ಯದ ಸ್ವರಗಳ ಮಟ್ಟ) ಏರಿಸಿ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಇದು ಒರಟೆನಿಸಬಹುದು. ಡ್ರಮ್ಸ್, ಕೀಬೋರ್ಡ್ ಸೇರಿದಾಗ ಗಿಟಾರ್ ಸ್ಪಷ್ಟವಾಗಿ ಕೇಳುವುದು ಹಾಗಿಟ್ಟರೆ ಮಾತ್ರ.