ಮೈಕ್ರೋಬಿಟ್ ವಿ2: ಪಾಠಕ್ಕೆ ಸೈ, ಮೋಟಾರಿಗೆ ಬೇರೆ ಬ್ಯಾಟರಿ

ಪ್ರೋಗ್ರಾಮಿಂಗ್ ಕಲಿಸಲು ಶಾಲೆಗೆ ಯಾವ ಪುಟ್ಟ ಕಂಪ್ಯೂಟರ್ ಬೋರ್ಡ್ ಕೊಳ್ಳಬೇಕು ಎಂಬ ಮಾತು ಬಂದಾಗ ಬಿಬಿಸಿ ಮೈಕ್ರೋಬಿಟ್ ಹೆಸರು ಮೊದಲು ಕೇಳಿಬರುವುದು ಸುಮ್ಮನೆ ಅಲ್ಲ. 25 ಎಲ್‌ಇಡಿ, ಎರಡು ಬಟನ್, ಅಲುಗಾಟ ಅಳೆಯುವ ಸೆನ್ಸರ್, ದಿಕ್ಸೂಚಿ, ರೇಡಿಯೋ ಎಲ್ಲವೂ ಬೋರ್ಡಿನ ಮೇಲೆಯೇ ಇವೆ. ಬ್ರೆಡ್‌ಬೋರ್ಡ್ (ಬಿಡಿಭಾಗ ಸಿಕ್ಕಿಸುವ ತೂತುಗಳ ಹಲಗೆ), ವೈರು ಮುಟ್ಟದೆ ಮೊದಲ ನಾಲ್ಕೈದು ಪಾಠ ಮುಗಿಸಬಹುದು. 2020ರಲ್ಲಿ ಬಂದ ಎರಡನೇ ಆವೃತ್ತಿ ವಿ2ಗೆ ಸ್ಪೀಕರ್, ಮೈಕ್ ಸೇರಿದವು. ರ್ಯಾಮ್ (ಪ್ರೋಗ್ರಾಂ ಓಡಲು ಬೇಕಾದ ಮೆಮೊರಿ) 16 ಕೆಬಿಯಿಂದ 128 ಕೆಬಿಗೆ ಏರಿತು. ನಿಜವಾದ ಲಾಭ ಇರುವುದು ರ್ಯಾಮಿನಲ್ಲೇ. ಹಳೆಯ ಬೋರ್ಡಿನಲ್ಲಿ ಪೈಥಾನ್ ಭಾಷೆಯ ಪ್ರೋಗ್ರಾಂ ಸ್ವಲ್ಪ ಉದ್ದವಾದರೂ ಮೆಮೊರಿ ಸಾಲದೆ ನಿಂತುಬಿಡುತ್ತಿತ್ತು. ವಿ1 ಅಗ್ಗಕ್ಕೆ ಸಿಕ್ಕರೂ ಬೇಡ.

ಮೊದಲ ದಿನ ಕೈಕೊಡುವುದು ಬೋರ್ಡಲ್ಲ, ಕೇಬಲ್. ಮೊಬೈಲಿಗೆ ಚಾರ್ಜ್ ಮಾಡಲಷ್ಟೇ ಆಗುವ ಯುಎಸ್‌ಬಿ ಕೇಬಲ್ ಹಾಕಿದರೂ ಬೋರ್ಡಿನ ದೀಪ ಹೊತ್ತುತ್ತದೆ, ಆದರೆ ಕಂಪ್ಯೂಟರಿನಲ್ಲಿ ‘ಮೈಕ್ರೋಬಿಟ್’ ಡ್ರೈವ್ ಕಾಣಿಸುವುದಿಲ್ಲ. ಡೇಟಾ ಹೋಗುವ ಕೇಬಲ್‌ಗಳನ್ನೇ ಆರಿಸಿ ಗುರುತು ಹಾಕಿಡಿ. ‘ಮೇಂಟೆನೆನ್ಸ್’ ಡ್ರೈವ್ ಕಂಡರೆ, ಸಿಕ್ಕಿಸುವಾಗ ಯಾರೋ ರೀಸೆಟ್ ಬಟನ್ ಒತ್ತಿಹಿಡಿದಿದ್ದಾರೆ ಎಂದರ್ಥ. ಕಿತ್ತು ಮತ್ತೆ ಸಿಕ್ಕಿಸಿದರೆ ಸರಿಹೋಗುತ್ತದೆ.

ಬ್ಲಾಕ್ ಜೋಡಿಸಿ ಪ್ರೋಗ್ರಾಂ ಕಟ್ಟುವ ಎಡಿಟರ್ ಮೇಕ್‌ಕೋಡ್; ಅದರ ಬ್ಲಾಕ್‌ಗಳು ಚೆನ್ನಾಗಿವೆ. ತೊಡಕು ಶುರುವಾಗುವುದು ಪೈಥಾನಿಗೆ ದಾಟುವಾಗ. ಮೇಕ್‌ಕೋಡ್ ತೋರಿಸುವ ಪೈಥಾನ್ ಬೇರೆ, ಮೈಕ್ರೋಬಿಟ್‌ನ ಪೈಥಾನ್ ಎಡಿಟರಿನಲ್ಲಿರುವ ಮೈಕ್ರೋಪೈಥಾನ್ ಬೇರೆ. ಒಂದರ ಕೋಡ್ ಇನ್ನೊಂದರಲ್ಲಿ ಓಡುವುದಿಲ್ಲ. ಬ್ಲಾಕ್‌ನಲ್ಲಿ ‘ಬಟನ್ ಎ ಒತ್ತಿದಾಗ’ ಎಂಬುದು ಮುಖ್ಯ ಲೂಪ್ (ಮತ್ತೆ ಮತ್ತೆ ಓಡುವ ಭಾಗ) ವಿರಾಮದಲ್ಲಿದ್ದರೂ ನಡೆಯುತ್ತದೆ. ಮೈಕ್ರೋಪೈಥಾನಿನಲ್ಲಿ ಲೂಪಿನೊಳಗೆ ಎರಡು ಸೆಕೆಂಡಿನ ಸ್ಲೀಪ್ (ವಿರಾಮ) ಇಟ್ಟು ‘ಈಸ್ ಪ್ರೆಸ್ಡ್’ (ಈಗ ಒತ್ತಿದೆಯೇ) ಎಂದು ಕೇಳಿದರೆ ಒತ್ತಿದ್ದು ತಪ್ಪಿಹೋಗುತ್ತದೆ, ಮಗು ಬಟನ್ ಕೆಟ್ಟಿದೆ ಅನ್ನುತ್ತದೆ. ‘ವಾಸ್ ಪ್ರೆಸ್ಡ್’ ಬಳಸಿದರೆ ಹಿಂದೆ ಒತ್ತಿದ್ದೂ ನೆನಪಿರುತ್ತದೆ. ರೇಡಿಯೋ ಪಾಠದಲ್ಲಿ ಪ್ರತಿ ಜೋಡಿಗೂ 0ರಿಂದ 255ರೊಳಗೆ ಒಂದೊಂದು ಗುಂಪಿನ ಸಂಖ್ಯೆ ಮೊದಲೇ ಹಂಚಿ. ಇಲ್ಲವಾದರೆ ಒಬ್ಬರ ಸಂದೇಶ ಇನ್ನೊಬ್ಬರ ಬೋರ್ಡಿನಲ್ಲಿ ಮೂಡಿ ತರಗತಿಯೆಲ್ಲ ಗಲಾಟೆ (ಮಕ್ಕಳಿಗೆ ಅದೇ ಇಷ್ಟ, ಆ ಮಾತು ಬೇರೆ).

ರೋಬಾಟ್ ವಿಷಯಕ್ಕೆ ಬಂದರೆ ಈ ಬೋರ್ಡಿನ ಮಿತಿ ಬಯಲಾಗುತ್ತದೆ. ವಿ2 ಹೊರಗಿನ ಭಾಗಗಳಿಗೆ ಕೊಡಬಲ್ಲದ್ದು ಒಟ್ಟು 190 ಮಿಲಿಆಂಪ್. ಎಸ್‌ಜಿ90 ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರ್) ಭಾರಕ್ಕೆ ಸಿಕ್ಕಿಕೊಂಡಾಗ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ವೋಲ್ಟೇಜ್ ಕುಸಿದು ಬೋರ್ಡ್ ರೀಸ್ಟಾರ್ಟ್ ಆಗುತ್ತದೆ, ಪ್ರೋಗ್ರಾಂ ತಪ್ಪಿದೆಯೆಂದು ಮಕ್ಕಳು ಕೋಡ್ ತಿದ್ದುತ್ತಾ ಕೂರುತ್ತಾರೆ. ಸರ್ವೋಗೆ ನಾಲ್ಕು ಎಎ ಸೆಲ್‌ಗಳ ಬೇರೆ ಪೆಟ್ಟಿಗೆ ಕೊಡಿ: ಸರ್ವೋದ ಕೆಂಪು ವೈರು ಪೆಟ್ಟಿಗೆಯ ಪ್ಲಸ್‌ಗೆ, ಕಂದು ಮೈನಸ್‌ಗೆ, ಕಿತ್ತಳೆ ಬೋರ್ಡಿನ ಪಿನ್ 0ಕ್ಕೆ. ಪೆಟ್ಟಿಗೆಯ ಮೈನಸ್‌ನಿಂದ ಬೋರ್ಡಿನ ಗ್ರೌಂಡ್‌ಗೆ ಇನ್ನೊಂದು ವೈರು ಇರಲೇಬೇಕು. ಅದನ್ನು ಮರೆತರೆ ಸರ್ವೋ ತಿರುಗುವ ಬದಲು ನಡುಗುತ್ತದೆ. ಚಕ್ರದ ಮೋಟಾರನ್ನು ಪಿನ್‌ಗೆ ನೇರವಾಗಿ ಕಟ್ಟುವ ಮಾತೇ ಇಲ್ಲ, ನಡುವೆ ಮೋಟಾರ್ ಡ್ರೈವರ್ (ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹರಿಸುವ ಸರ್ಕ್ಯೂಟ್) ಬೇಕು.

ರೋಬಾಟ್ ಗಾಡಿಯ ಕಿಟ್‌ನಲ್ಲಿ ಎರಡೂ ಚಕ್ರದ ಮೋಟಾರಿಗೆ ಒಂದೇ ವೇಗ ಬರೆದರೂ ಗಾಡಿ ಒಂದು ಕಡೆಗೆ ವಾಲುತ್ತದೆ, ಅಗ್ಗದ ಗೇರ್ ಮೋಟಾರುಗಳು ಒಂದರಂತೆ ಇನ್ನೊಂದಿರುವುದಿಲ್ಲ. ಕಿಟ್ ಕೆಟ್ಟದ್ದೆಂದು ವಾಪಸು ಕಳಿಸಬೇಡಿ. ಎರಡು ಮೀಟರ್ ಓಡಿಸಿ, ಎಷ್ಟು ಸೆಂಟಿಮೀಟರ್ ವಾಲಿತೆಂದು ಅಳೆದು, ಚುರುಕಾದ ಮೋಟಾರಿನ ವೇಗದ ಸಂಖ್ಯೆಯನ್ನು ಗರಿಷ್ಠವಾದ 1023ರಿಂದ ಇಪ್ಪತ್ತಿಪ್ಪತ್ತರಂತೆ ಇಳಿಸಲು ಹೇಳಿ. ಇದಕ್ಕಿಂತ ಒಳ್ಳೆಯ ಪಾಠ ಆ ಕಿಟ್‌ನಲ್ಲಿಲ್ಲ.

ಸೆನ್ಸರುಗಳ ಬಗ್ಗೆ ಎರಡು ಎಚ್ಚರಿಕೆ. ಬೋರ್ಡ್ ತೋರಿಸುವ ತಾಪಮಾನ ಚಿಪ್‌ನದು, ಕೋಣೆಗಿಂತ ಹೆಚ್ಚು ಬರುವುದೇ ಜಾಸ್ತಿ. ವಿಜ್ಞಾನದ ಗ್ರಾಫಿಗೆ ಅದನ್ನು ನಂಬಬೇಡಿ. ದೂರ ಅಳೆಯುವ ಸಾಮಾನ್ಯ ಸೆನ್ಸರ್ ಎಚ್‌ಸಿ-ಎಸ್‌ಆರ್04 ಎಂಬುದು 5 ವೋಲ್ಟಿನದು, ಉತ್ತರ ಕಳಿಸುವ ಅದರ ಎಕೋ ವೈರು ನೇರ ಕಟ್ಟಿದರೆ ಬೋರ್ಡಿನ 3.3 ವೋಲ್ಟಿನ ಪಿನ್ ಹಾಳಾಗಬಹುದು. 3 ವೋಲ್ಟಿನಲ್ಲೂ ಓಡುವ ಮಾದರಿ ಕೇಳಿ ತೆಗೆದುಕೊಳ್ಳಿ.

ಪ್ರೋಗ್ರಾಮಿಂಗ್ ಕಲಿಸಲು ಇಬ್ಬರಿಗೊಂದು ಬೋರ್ಡ್ ಧಾರಾಳ. ರೋಬಾಟ್ ಗಾಡಿ ನಾಲ್ವರಿಗೊಂದು ಸಾಕು, ಆದರೆ ಮೋಟಾರಿಗೆ ಪ್ರತ್ಯೇಕ ಬ್ಯಾಟರಿಯೂ ಅದಕ್ಕೊಂದು ಸ್ವಿಚ್ಚೂ ಇಲ್ಲದ ಕಿಟ್ ಎಷ್ಟೇ ಚೆಂದ ಕಂಡರೂ ಬಿಟ್ಟುಬಿಡಿ.